ಮನೆ ಮೂರು ಸಲ ಕೇಳಿತು

ಏಣಿ ಬಾತ್‌ರೂಮಿನ ನೆಲದ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದಳು.

"ಸರಿಯಾಗಿ ಬಿದ್ದಿದ್ದೀನಾ ಮಾಮ?"

"ಇನ್ನೊಂಚೂರು ಎಡಕ್ಕೆ," ಅಂದ ದಫೇದಾರ. "ತಲೆ ಬಾಗಿಲ ಕಡೆ. ಹಾಂ. ಒಂದು ಕೈ ಮೈ ಕೆಳಗೆ ಹೋಗಲಿ."

ಏಣಿ ಅನ್ನುವುದು ಕ್ಲಾಸಿನವರು ಇಟ್ಟ ಹೆಸರು. ಬಲ್ಬು ಬದಲಿಸಲು ಸ್ಟೂಲು ಬೇಡದಷ್ಟು ಉದ್ದದ ಹುಡುಗಿ. ಆ ಪುಟ್ಟ ಬಾತ್‌ರೂಮಿನಲ್ಲಿ ಅವಳ ಕಾಲು ಎದುರು ಗೋಡೆಗೆ ತಗುಲಿ ಮಡಚಿಕೊಂಡಿತ್ತು. ಬೇರೆ ದಿನವಾಗಿದ್ದರೆ ನಗು ತಡೆಯುವುದು ಕಷ್ಟವಾಗುತ್ತಿತ್ತು. ಇವತ್ತು ಯಾರಿಗೂ ನಗು ಬರಲಿಲ್ಲ. ಎಂಟು ದಿನದ ಹಿಂದೆ, ಗುರುವಾರ ಮಧ್ಯಾಹ್ನ, ಇದೇ ಜಾಗದಲ್ಲಿ ಟೈಲರ್ ಬಿದ್ದಿದ್ದ. ಇನ್ನೂರು ಹೆಜ್ಜೆ ದೂರದ ಕಾವಲು ಕೋಣೆಯಲ್ಲಿ, ದಫೇದಾರನ ಮೇಜಿನ ಮೇಲಿದ್ದ ಬೆಲ್ಲು ಹೊಡೆದಿರಲಿಲ್ಲ.

ಚಾವಣಿಯ ಮೂಲೆಯಲ್ಲಿದ್ದ ಬಿಳಿ ಡಬ್ಬಿ, ಬೆಂಕಿಪೊಟ್ಟಣದಷ್ಟು ಇದ್ದದ್ದು, ಒಮ್ಮೆ ಮಿನುಗಿತು. ಮನೆ ಮಾತಾಡಿತು.

"ಚೆನ್ನಾಗಿದ್ದೀರಾ?"

ಮೆತ್ತಗಿನ ಹೆಣ್ಣು ದನಿ. ಬಾಗಿಲಲ್ಲಿ ನಿಂತಿದ್ದ ಏಣಿಯ ಸಹಪಾಠಿ ಗುಬ್ಬಿ ಬೆಚ್ಚಿಬಿದ್ದಳು. ಅದು ಅವಳದೇ ದನಿ, ಆರು ತಿಂಗಳ ಹಿಂದೆ ಅವಳೇ ರೆಕಾರ್ಡು ಮಾಡಿ ಮನೆಯೊಳಗೆ ಕೂರಿಸಿದ್ದು.

"ಯಾರೂ ಬಾಯಿ ಬಿಡಬೇಡಿ," ಅಂದ ದಫೇದಾರ. ಕೈಗಡಿಯಾರ ನೋಡುತ್ತ ಎಣಿಸಿದ. ಹದಿನೆಂಟು. ಹತ್ತೊಂಬತ್ತು. ಇಪ್ಪತ್ತು.

ಜೇಬಿನ ಮೊಬೈಲು ಬಡಿದುಕೊಂಡಿತು. ಕಾವಲು ಕೋಣೆಯಲ್ಲಿ ಕೂರಿಸಿ ಬಂದಿದ್ದ ಹುಡುಗ, ಎಲ್ಲರ ಬಾಯಲ್ಲೂ ಬರಿಯ 'ಕನ್ನಡಕ', ಆ ಕಡೆಯಿಂದ ಕಿರುಚುತ್ತಿದ್ದ. "ಹೊಡೀತಿದೆ ಮಾಮ! ಕಿವಿ ಕಿತ್ತುಹೋಗೋ ಹಾಗೆ ಹೊಡೀತಿದೆ!"

ದಫೇದಾರ ಗೋಡೆ ಹಿಡಿದುಕೊಂಡ. ಬೆಲ್ಲು ಕೆಟ್ಟಿರಬಹುದು ಅನ್ನುವ ಒಂದೇ ಆಸೆಯ ಮೇಲೆ ಎಂಟು ದಿನ ಊಟ ನುಂಗಿದ್ದ. ಈಗ ಅದೂ ಹೋಯಿತು.

ನಾಳೆ ಬೆಳಿಗ್ಗೆ ಹತ್ತಕ್ಕೆ ವಿಶ್ವವಿದ್ಯಾಲಯದ ವಿಚಾರಣಾ ಸಮಿತಿ ಕೂರುತ್ತದೆ. ಬೆಲ್ಲು ನೆಟ್ಟಗಿದ್ದರೆ ಕಾವಲಿನವನ ಕುರ್ಚಿ ಖಾಲಿಯಿತ್ತು ಅಂತಾರೆ, ಮುಗಿಯಿತು, ಅವರಿಗೇನು. ಕೆಲಸ ಹೋದರೆ ಹೋಗಲಿ. ಮೂವತ್ತೊಂದು ವರ್ಷ ಪೊಲೀಸಿನಲ್ಲಿ ಸವೆದು, ಆಮೇಲೆ ಇಲ್ಲಿ ಗೇಟು ಕಾಯಲು ಬಂದವನಿಗೆ ಕುರ್ಚಿಯ ಮೋಹ ಅಷ್ಟೇನಿಲ್ಲ. ಆದರೆ ಟೈಲರ್ ಬಿದ್ದು ಕರೆದಾಗ ಇವನು ಬರಲಿಲ್ಲ ಅಂತ ಕಾಗದದ ಮೇಲೆ ಬೀಳುತ್ತದಲ್ಲ, ಅದನ್ನು ಹೊತ್ತುಕೊಂಡು ಬದುಕುವುದು ಹೇಗೆ?

ಎರಡೂವರೆಯಿಂದ ನಾಲ್ಕರ ತನಕ ಅವನು ಕುರ್ಚಿ ಬಿಟ್ಟು ಅಲ್ಲಾಡಿರಲಿಲ್ಲ. ಹಾಗಂತ ಅವನಿಗೆ ಗೊತ್ತು. ಆದರೆ ಎಂಟು ರಾತ್ರಿ ನಿದ್ದೆಗೆಟ್ಟ ಮೇಲೆ, ಗೊತ್ತು ಅನ್ನುವುದೂ ಅಲುಗಾಡತೊಡಗಿತ್ತು. ಒಂದು ನಿಮಿಷ ಕಣ್ಣು ಹತ್ತಿತ್ತೇ? ಅರವತ್ತೆರಡರ ಕಿವಿ ಮಂದವಾಗಿತ್ತೇ?

ಎಲ್ಲಕ್ಕಿಂತ ನೋವಾಗಿದ್ದು ಮೇಡಂ ಮಾಡಿದ್ದು. ಮೇಡಂ ಅಂದರೆ ಟೈಲರನ ಹೆಂಡತಿ, ಈ ಹುಡುಗರ ಪ್ರಾಧ್ಯಾಪಕಿ. ಐದು ವರ್ಷದಿಂದ ದಫೇದಾರನನ್ನು ಬಾಯ್ತುಂಬ 'ಅಣ್ಣ' ಅಂತ ಕರೆದವರು. ಹಾಗಾಗಿಯೇ ಟೈಲರ್ ಇವನಿಗೆ ಭಾವ, ಇವನು ಟೈಲರನಿಗೆ ಭಾವಮೈದ. ಮಣ್ಣು ಮಾಡಿ ಬಂದ ದಿನದಿಂದ ಮೇಡಂ ಅವನ ಮುಖ ನೋಡಿಲ್ಲ. ಆ 'ಅಣ್ಣ' ಅನ್ನುವ ಮಾತು ಅವರ ಬಾಯಿಂದ ಬಿದ್ದೇಹೋಗಿತ್ತು.

"ಏಳಮ್ಮ," ಅಂದ ದಫೇದಾರ. "ನೆಲ ತಣ್ಣಗಿದೆ."

ಏಣಿ ಎದ್ದಳು. ಕಣ್ಣೊರೆಸಿಕೊಂಡದ್ದನ್ನು ಯಾರೂ ನೋಡಲಿಲ್ಲ ಅಂದುಕೊಂಡಳು.

*

ಪುಸ್ತಕದಲ್ಲಿರುವ ಮನೆಯಲ್ಲಿ ಯಾರೂ ಜಾರಿ ಬೀಳುವುದಿಲ್ಲ ಅಂತ ಮೇಡಂ ಹೇಳುತ್ತಿದ್ದರು. ಅದಕ್ಕೇ ಹಠ ಹಿಡಿದು, ವಿಶ್ವವಿದ್ಯಾಲಯದ ಹಿಂದೆ ಪಾಳುಬಿದ್ದಿದ್ದ ಸ್ಟೋರ್ ಕೀಪರನ ಮನೆಯನ್ನು ತಮ್ಮ ಕ್ಲಾಸಿಗೆ ಬರೆಸಿಕೊಂಡರು. ಎರಡು ಕೋಣೆ, ಅಡುಗೆಮನೆ, ಬಾತ್‌ರೂಮು. ಸ್ಮಾರ್ಟ್ ಹೋಮ್ ಅಂದರೆ ಏನು ಅಂತ ಹುಡುಗರು ಅಲ್ಲೇ ಕೈಯಿಟ್ಟು ಕಲಿಯಬೇಕು. ಮೂರು ಮೂರು ಜನರ ಗುಂಪು. ಒಬ್ಬರು ವೈರು ಎಳೆಯುವುದು, ಒಬ್ಬರು ಪ್ರೋಗ್ರಾಂ ಬರೆಯುವುದು, ಇನ್ನೊಬ್ಬರು ಮನೆಗೆ ಕಿವಿ ಬಾಯಿ ಕೊಡುವುದು. ವಾರಕ್ಕೊಮ್ಮೆ ಕೆಲಸ ಅದಲುಬದಲು. ನೀನು ಮಾಡಿದ್ದನ್ನು ಪಕ್ಕದವನಿಗೆ ಒಪ್ಪಿಸಿ ಅವನದ್ದನ್ನು ನೀನು ಹಿಡಿಯಬೇಕು. ಅದು ನನ್ನ ಕೆಲಸ ಅಲ್ಲ ಅಂತ ಯಾರೂ ಕೈ ತೊಳೆದುಕೊಳ್ಳುವ ಹಾಗಿಲ್ಲ.

ಮನೆ ಅಂದ ಮೇಲೆ ಒಳಗೆ ಮನುಷ್ಯ ಬೇಕಲ್ಲ? ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರ ತನಕ ಟೈಲರ್ ಅಲ್ಲಿ ವಾಸ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಎಡಗೈ ಎಡಗಾಲು ಸೋತಿದ್ದವು, ಅಂಗಡಿಯ ಬಾಗಿಲು ಮುಚ್ಚಿತ್ತು. "ನೀವು ಹೊಲಿಯೋ ಅಂಗಿ ಹಾಕ್ಕೊಳ್ಳೋನು ನಾನು ಕಣ್ರೋ, ಮೊದಲು ಅಳತೆ ತಗೊಳ್ಳಿ," ಅಂತ ಹುಡುಗರನ್ನು ಗೋಳು ಹೊಯ್ದುಕೊಳ್ಳುತ್ತಿದ್ದ. ಸ್ವಿಚ್ಚು ಎಷ್ಟು ಎತ್ತರದಲ್ಲಿರಬೇಕು, ದೀಪ ಎಷ್ಟು ಹೊತ್ತಿಗೆ ತಾನೇ ಆರಬೇಕು, ಎಲ್ಲಕ್ಕೂ ಅವನ ಮೈಯೇ ಅಳತೆ. ಹುಡುಗರಿಗೂ ಅವನೆಂದರೆ ಪ್ರಾಣ.

ನಾಲ್ಕು ಗಂಟೆಗೆ ದಫೇದಾರ ಡ್ಯೂಟಿ ಬದಲಿಸಿ ಚದುರಂಗದ ಮಣೆ ಹಿಡಿದು ಬರುತ್ತಿದ್ದ. ಇಬ್ಬರೂ ಆಡುವುದಕ್ಕಿಂತ ಜಗಳವಾಡುತ್ತಿದ್ದದ್ದೇ ಹೆಚ್ಚು. ಆಸ್ಪತ್ರೆಯಲ್ಲಿ ಎರಡು ತಿಂಗಳು ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದ ಟೈಲರ್ ಒಂದು ಸಂಜೆ ಕುದುರೆ ನಡೆಸುತ್ತ, "ಇನ್ನೊಂದು ಸಲ ಆ ಮಂಚ ಹತ್ತೋನಲ್ಲ ಭಾವಮೈದ," ಅಂದಿದ್ದ. ಸೋಲುವಾಗಲೆಲ್ಲ ಭಾವ ಮಾತು ಬದಲಿಸುತ್ತಾನೆ ಅಂತ ದಫೇದಾರ ಬೈದಿದ್ದ.

ಹುಡುಗರಿಗೆ ಟೈಲರ್ ಒಂದು ಅಭ್ಯಾಸ ಹಚ್ಚಿದ್ದ. ತಲೆಗೊಂದು ಬಣ್ಣದ ದಾರದ ಉಂಡೆ. ಯಾವ ವೈರಿನ ಜೋಡಣೆಗೆ ಕೈ ಹಾಕಿದರೂ ಅದಕ್ಕೆ ನಿನ್ನ ಬಣ್ಣದ ದಾರ ಸುತ್ತಿ ಗಂಟು ಹಾಕು, ನಾಳೆ ಕೆಟ್ಟರೆ ಯಾರ ಕಿವಿ ಹಿಂಡಬೇಕು ಅಂತ ತಿಳಿಯಲಿ. ಏಣಿಗೆ ಕೆಂಪು, ಕನ್ನಡಕಕ್ಕೆ ಹಳದಿ, ಗುಬ್ಬಿಗೆ ನೀಲಿ. ದರ್ಜಿಯ ಗಂಟು ಅದು. ಬಿಚ್ಚಬೇಕಾದರೆ ಕತ್ತರಿಸಲೇಬೇಕು.

ದಫೇದಾರ ಬೆಳಿಗ್ಗೆಯಿಂದ ಸ್ಟೂಲು ಹತ್ತಿ ಇಳಿದು ಮೂವತ್ತೆಂಟು ಗಂಟು ನೋಡಿದ್ದ. ಒಂದೂ ಕತ್ತರಿಸಿರಲಿಲ್ಲ. ಒಂದರ ಮೇಲೂ ಹೊಸ ದಾರ ಇರಲಿಲ್ಲ. ವೈರಿಗೆ ಯಾರೂ ಕೈ ಹಾಕಿಲ್ಲ.

"ವೈರು ನೆಟ್ಟಗಿದೆ," ಅಂದ ಈಗ, ಯಾರಿಗೂ ಅಲ್ಲ ಅನ್ನುವ ಹಾಗೆ. "ಬೆಲ್ಲೂ ನೆಟ್ಟಗಿದೆ. ಆದ್ರೂ ಹೊಡೀಲಿಲ್ಲ ಅಂದ್ರೆ ಒಂದೇ ದಾರಿ ಉಳೀತು."

ಏಣಿ ತಲೆಯೆತ್ತಿದಳು. "ಯಾವುದು ಮಾಮ?"

ಗುಬ್ಬಿ ಕೇಳಲಿಲ್ಲ. ನೆಲ ನೋಡುತ್ತ ದುಪಟ್ಟಾದ ಅಂಚು ತಿರುಚುತ್ತ ನಿಂತಳು.

ಮೂವತ್ತೊಂದು ವರ್ಷದಲ್ಲಿ ದಫೇದಾರ ಕಲಿತದ್ದರಲ್ಲಿ ಅರ್ಧ ಇಷ್ಟೇ. ಕೇಳಬೇಕಾದ ಪ್ರಶ್ನೆ ಕೇಳದವರಿಗೆ ಉತ್ತರ ಗೊತ್ತಿರುತ್ತದೆ.

*

ಕನ್ನಡಕ ಏದುಸಿರು ಬಿಡುತ್ತ ಓಡಿಬಂದ. ಟೈಲರ್ ಬಟ್ಟೆ ಕತ್ತರಿಸುತ್ತಿದ್ದ ಉದ್ದನೆಯ ಮೇಜಿನ ಸುತ್ತ ಮೂವರನ್ನೂ ಕೂರಿಸಿ ದಫೇದಾರ ತಾನು ನಿಂತೇ ಇದ್ದ.

"ಮನೆ ಕೇಳಿದಾಗ ಒಳಗಿರೋರು ಚೆನ್ನಾಗಿದ್ದೀನಿ ಅಂದ್ರೆ ಬೆಲ್ಲು ಹೊಡಿಯಲ್ಲ. ಹೌದಾ?"

"ಹೌದು," ಅಂದಳು ಏಣಿ.

"ಮನೆ ಮಾಡಿದ್ದೆಲ್ಲ ಬರ್ಕೊಳ್ಳುತ್ತೆ. ಅದೂ ಹೌದಾ?"

ಕನ್ನಡಕ ತನ್ನ ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡ.

"ಸಮಿತಿಯವರಿಗೆ ಆ ದಾಖಲೆ ಅಳಿಸಿಹೋಯ್ತು ಅಂದ್ರಂತೆ ನೀವು. ಪರೀಕ್ಷೆ ಮುಗಿದ ಮೇಲೆ ಎಲ್ಲ ಖಾಲಿ ಮಾಡಿದ್ವಿ ಅಂತ. ಸಮಿತಿಯವರು ದೊಡ್ಡೋರು, ನಂಬಿದ್ರು. ನಾನು ಗೇಟಿನೋನು. ನನಗೆ ಅಷ್ಟು ಸುಲಭಕ್ಕೆ ನಂಬೋಕೆ ಬರಲ್ಲ."

ಕನ್ನಡಕ ಗುಬ್ಬಿಯನ್ನು ನೋಡಿದ. ಗುಬ್ಬಿ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ಕನ್ನಡಕ ಬ್ಯಾಗಿನ ಒಳಜೇಬಿನಿಂದ ನಾಲ್ಕಾಗಿ ಮಡಚಿದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟ.

"ಇದೇನೋ?" ಏಣಿಯ ದನಿ ಏರಿತು. "ಅಳಿಸಿಹೋಯ್ತು ಅಂದಿದ್ರಲ್ಲೋ ನಂಗೂ!"

ದಫೇದಾರ ಹಾಳೆ ಬಿಡಿಸಿದ. ಮೂರೇ ಮೂರು ಸಾಲು.

ಮೂರು ಗಂಟೆ ಹನ್ನೆರಡು ನಿಮಿಷ. ಬಿದ್ದಿದ್ದಾರೆ. ಕೇಳಿದೆ. ಉತ್ತರ ಬಂತು, ಎರಡು ಸೆಕೆಂಡು.

ಮೂರು ಮೂವತ್ತೆರಡು. ಇನ್ನೂ ನೆಲದ ಮೇಲಿದ್ದಾರೆ. ಕೇಳಿದೆ. ಉತ್ತರ ಬಂತು, ಹದಿನೇಳು ಸೆಕೆಂಡು.

ಮೂರು ಐವತ್ತೆರಡು. ಇನ್ನೂ ನೆಲದ ಮೇಲಿದ್ದಾರೆ. ಕೇಳಿದೆ. ಉತ್ತರ ಬಂತು, ಒಂದು ಸೆಕೆಂಡು.

ದಫೇದಾರ ಎರಡನೇ ಸಾಲಿನ ಮೇಲೆ ಬೆರಳಿಟ್ಟು ನಿಂತುಬಿಟ್ಟ. ಹದಿನೇಳು. ಇನ್ನು ಮೂರು ಎಣಿಸಿದ್ದರೆ ಅವನ ಮೇಜಿನ ಮೇಲೆ ಬೆಲ್ಲು ಕಿರುಚಿಕೊಳ್ಳುತ್ತಿತ್ತು. ಅವನು ಓಡಿಬರುತ್ತಿದ್ದ. ಬೇಗ ಬಂದಿದ್ದರೆ ಉಳಿಯುತ್ತಿದ್ದರೇನೋ ಅಂತ ಡಾಕ್ಟರು ಅಂದದ್ದು ಅವನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ತಲೆ ಒಡೆದುಕೊಂಡು ನೆಲಕ್ಕೆ ಬಿದ್ದವನು ಆ ಹದಿನೇಳು ಸೆಕೆಂಡಿನಲ್ಲಿ ನಾಲಿಗೆ ಹೊರಳಿಸಿಕೊಂಡು, ಉಸಿರು ಕೂಡಿಸಿಕೊಂಡು, ಸಹಾಯ ಬೇಡ ಅಂತ ಹೇಳಿದ. ಅಷ್ಟು ಕಷ್ಟಪಟ್ಟು.

"ಯಾಕೆ?" ಅಂದ. "ಯಾಕೆ ಹಾಗಂದ ಭಾವ?"

"ಐದು ಅಂಕ ಮಾಮ," ಅಂದ ಕನ್ನಡಕ.

"ಏನದು?"

"ಸುಮ್ಮಸುಮ್ನೆ ಬೆಲ್ಲು ಹೊಡೆದ್ರೆ ಗುಂಪಿಗೆ ಐದು ಅಂಕ ಕಟ್. ಮೇಡಂ ನಿಯಮ. ಶುರುವಲ್ಲಿ ನಮ್ಮದು ದಿನಾ ಹೊಡೀತಿತ್ತು. ಅವರು ಬಗ್ಗಿ ಸೂಜಿ ಹುಡುಕಿದ್ರೂ ಬಿದ್ರು ಅಂದ್ಕೊಳ್ತಿತ್ತು ಡಬ್ಬಿ. ಇಪ್ಪತ್ತೈದು ಅಂಕ ಹೋಯ್ತು. ಆಗ ನಾವು... ನಾನೇ... ಹೋಗಿ ಅವರ ಹತ್ರ ಕೇಳ್ಕೊಂಡೆ. ಮನೆ ಏನೇ ಕೇಳಿದ್ರೂ ಚೆನ್ನಾಗಿದ್ದೀನಿ ಅಂದುಬಿಡಿ ಅಂತ. ನಕ್ಕರು. ನಿಮ್ಮ ಅಂಕ ನನ್ನ ಬಾಯಲ್ಲಿದೆ ಅನ್ನಿ, ಹಾಗಾದ್ರೆ ಇವತ್ತಿಂದ ನನಗೆ ಮರ್ಯಾದೆ ಕೊಡ್ರೋ ಅಂದ್ರು."

"ಅವತ್ತು ಕೊನೇ ಪರೀಕ್ಷೆ," ಗುಬ್ಬಿ ಪಿಸುಗುಟ್ಟಿದಳು. ಅವಳ ಮಾಮೂಲಿ ದನಿಯೇ ಅಷ್ಟು. "ಹೊರಗಿನಿಂದ ಪರೀಕ್ಷಕರು ಬಂದಿದ್ರು. ನಾವೆಲ್ಲ ಹಾಲ್‌ನಲ್ಲಿದ್ವಿ. ಮನೆಯಲ್ಲಿ ಏನಾಗುತ್ತೆ ಅಂತ ಅಲ್ಲಿ ದೊಡ್ಡ ಸ್ಕ್ರೀನ್ ಮೇಲೆ ಬರ್ತಿತ್ತು. ಚಿತ್ರ ಬರಲ್ಲ, ಬರೀ ಅಕ್ಷರ."

"ಹೂಂ."

"ಬಿದ್ದಿದ್ದಾರೆ ಅಂತ ಬಂತು. ನಮಗೆ ಜೀವ ಹೋಯ್ತು. ಮನೆ ಕೇಳ್ತು. ಎರಡೇ ಸೆಕೆಂಡಿಗೆ ಚೆನ್ನಾಗಿದ್ದೀನಿ ಅಂತ ಬಂತು." ಗುಬ್ಬಿಗೆ ಮುಂದೆ ಹೇಳಲಾಗಲಿಲ್ಲ.

ಹೇಳಿದವಳು ಏಣಿ. "ನಮಗೋಸ್ಕರ ಬೇಕಂತಲೇ ಬಿದ್ದು ತೋರಿಸ್ತಿದ್ದಾರೆ ಅಂದ್ಕೊಂಡ್ವಿ ಮಾಮ. ಬೆಳಿಗ್ಗೆ ಹಾಗೇ ಅಂದಿದ್ರು. ನಿಮ್ಮ ಪರೀಕ್ಷೆಗೆ ನಾನೊಂದು ಸರ್ಕಸ್ ಮಾಡ್ತೀನಿ ಇರಿ ಅಂತ. ಪರೀಕ್ಷಕರು ಭೇಷ್ ಅಂದ್ರು. ನಿಜವಾಗಿ ಬಿದ್ದಿದ್ದು ಆಮೇಲೆ ಯಾವಾಗಲೋ ಅಂತಲೇ ಇವತ್ತಿಗೂ ಎಲ್ಲರ ಲೆಕ್ಕ. ಎಲ್ಲರೂ ಚಪ್ಪಾಳೆ ತಟ್ಟಿದ್ರು." ತನ್ನ ಅಂಗೈ ನೋಡಿಕೊಂಡಳು. "ನಾನೂ ತಟ್ಟಿದೆ."

ಇಲ್ಲಿ ಒಬ್ಬ ರಕ್ತದಲ್ಲಿ ಬಿದ್ದಿದ್ದಾನೆ, ಅಲ್ಲಿ ಹಾಲ್ ತುಂಬ ಜನ ಚಪ್ಪಾಳೆ ತಟ್ಟುತ್ತಿದ್ದಾರೆ. ಕನ್ನಡಕದ ಹುಡುಗನ ಕೆನ್ನೆಗೊಂದು ಬಿಗಿಯಬೇಕು ಅಂತ ದಫೇದಾರ ಕೈ ಎತ್ತಿದ. ಹುಡುಗ ತಪ್ಪಿಸಿಕೊಳ್ಳಲಿಲ್ಲ, ಕನ್ನಡಕ ತೆಗೆದಿಟ್ಟು ಮುಖ ಒಡ್ಡಿದ. ಹೊಡೆಯಲಾಗದೆ ಇವನು ಕೈ ಇಳಿಸಿದ. ತಾನು ಯಾರಿಗೆ ಹೊಡೆಯುತ್ತಿದ್ದೇನೆ? ಭಾವ ಜೀವ ಕೊಟ್ಟು ಐದು ಅಂಕ ಉಳಿಸಿಕೊಟ್ಟ ಹುಡುಗನಿಗೆ.

ಕರೆದಿದ್ದರೆ ತಾನು ಬರುತ್ತಿದ್ದೆ. ಭಾವ ಕರೆಯಲೇ ಇಲ್ಲ. ಎಂಟು ದಿನದಿಂದ ಬೇಕಾಗಿದ್ದ ಉತ್ತರ ಸಿಕ್ಕಿತ್ತು. ಸಿಕ್ಕಿದ ಮೇಲೆ ಅದು ಬೇಡವಾಗಿತ್ತು.

"ನಾಳೆ ನಾನೇ ಹೇಳ್ತೀನಿ," ಅಂದ ಕನ್ನಡಕ. "ನಿಮ್ಮ ತಲೆ ಮೇಲೆ ಗೂಬೆ ಕೂರಿಸಿ ಎಂಟು ದಿನ ಸುಮ್ಮನಿದ್ದೆ. ನನ್ನ ಹೆದರಿಕೆ. ಹೇಳಿದ್ರೆ ಮೇಡಂಗೆ ಏನಾಗುತ್ತೋ ಅಂತ. ಅವರದೇ ನಿಯಮ ಅಲ್ವಾ ಮಾಮ."

ದಫೇದಾರ ಮತ್ತೆ ಹಾಳೆ ನೋಡಿದ. ಪೊಲೀಸ್ ಕಣ್ಣು ತಾನಾಗಿಯೇ ಮೂರನೇ ಸಾಲಿಗೆ ಇಳಿಯಿತು.

ಮೊದಲು ಎರಡು. ಆಮೇಲೆ ಹದಿನೇಳು. ಆಮೇಲೆ ಒಂದು.

"ಸಾಯೋ ಮನುಷ್ಯನಿಗೆ ಹೊತ್ತು ಹೋದ ಹಾಗೆ ಮಾತು ಹಗುರ ಆಗುತ್ತಾ?" ಅಂದ ಮೆಲ್ಲಗೆ. "ಗುಬ್ಬಿ, ಈ ಮನೆಗೆ ಯಾರು ಮಾತಾಡಿದ್ರು ಅಂತ ತಿಳಿಯುತ್ತಾ?"

"ಇಲ್ಲ ಮಾಮ. ಮಾತು ಮಾತ್ರ ಗುರುತು ಹಿಡಿಯುತ್ತೆ. ದನಿ ಯಾರದು ಅಂತ ನೋಡಲ್ಲ, ಇಟ್ಕೊಳ್ಳೋದೂ ಇಲ್ಲ. ಮೇಡಂ ಬೇಡ ಅಂದಿದ್ರು. ನೆಂಟರು ಬಂದಿದ್ದಾಗ ಅವರೂ ಉತ್ತರ ಕೊಡಬಹುದಲ್ಲ, ಅಂದ್ರು."

"ಬಾಗಿಲು ತೆಗೆದಿದ್ದು ಯಾಕೆ ಬರ್ಕೊಂಡಿಲ್ಲ?"

"ಬಾಗಿಲಿಂದು ಬೇರೆ ಗುಂಪಿನ ಕೆಲಸ," ಅಂದ ಕನ್ನಡಕ. "ಅವತ್ತು ಅದನ್ನು ಬಿಚ್ಚಿ ಹಾಲ್‌ಗೆ ತಂದು ಮೇಜಿನ ಮೇಲೆ ತೋರಿಸ್ತಿದ್ರು."

"ಮೂರು ಐವತ್ತೆರಡಕ್ಕೆ ನೀವು ಮೂವರೂ ಎಲ್ಲಿದ್ರಿ?"

"ನಾವಿಬ್ಬರೂ ಪರೀಕ್ಷಕರ ಜೊತೆ. ನಮ್ಮ ಸರದಿ ಮುಗಿದ ಕೂಡಲೇ ಸ್ಕ್ರೀನ್ ಆಫ್ ಮಾಡಿಯಾಗಿತ್ತು. ಟೀ ಕೊಡ್ತಿದ್ವಿ," ಅಂದಳು ಏಣಿ.

"ನಾನು ಮೇಡಂನ ಹುಡುಕ್ಕೊಂಡು ಹೋಗಿದ್ದೆ," ಅಂದಳು ಗುಬ್ಬಿ. "ಅಂಕದ ಪಟ್ಟಿ ತರ್ತೀನಿ ಅಂತ ಮೂರೂವರೆಗೆ ಎದ್ದು ಹೋದೋರು ಬರಲೇ ಇಲ್ಲ. ಅವರ ರೂಮಿಗೆ ಬೀಗ ಹಾಕಿತ್ತು. ನಿಂತು ನಿಂತು ವಾಪಸ್ ಬಂದೆ."

ದಫೇದಾರ ಜೇಬಿನ ಪುಸ್ತಕ ತೆಗೆದು ಅದನ್ನೂ ಬರೆದುಕೊಂಡ. ಗುಬ್ಬಿ, ಮೂರು ಐವತ್ತೆರಡು, ಒಬ್ಬಳೇ. ಆ ಹೆಸರಿನ ಕೆಳಗೆ ಗೆರೆ ಎಳೆದ.

ಹೊರಗೆ ಗೇಟಿನ ಚಿಲಕ ಸದ್ದು ಮಾಡಿತು. ಏಣಿ ಕಿಟಕಿಯಲ್ಲಿ ಬಗ್ಗಿ ನೋಡಿ ಗಾಬರಿಯಿಂದ ತಿರುಗಿದಳು.

"ಮೇಡಂ ಬರ್ತಿದ್ದಾರೆ."

"ಅಡುಗೆಮನೆ ಬಾಗಿಲಿಂದ ಹೋಗಿ," ಅಂದ ದಫೇದಾರ. ಹಾಳೆಯನ್ನು ಮಡಚಿ ಎದೆಜೇಬಿಗೆ ಸೇರಿಸಿದ. "ನಾನು ಹೇಳೋ ತನಕ ಯಾರೂ ಯಾರಿಗೂ ಏನೂ ಹೇಳಬೇಡಿ. ಹೋಗಿ."

*

ಮೇಡಂ ಒಳಗೆ ಬಂದವರು ಅವನನ್ನು ಕಂಡು ಹೊಸಿಲಲ್ಲೇ ನಿಂತರು. ಕೈಯಲ್ಲೊಂದು ಖಾಲಿ ಬಟ್ಟೆ ಚೀಲ.

"ಅವರ ಸಾಮಾನು ತಗೊಂಡು ಹೋಗೋಕೆ ಬಂದೆ," ಅಂದರು, ಗೋಡೆಗೆ ಹೇಳಿದ ಹಾಗೆ. "ನಾಳೆ ಬೀಗದಕೈ ಒಪ್ಪಿಸಬೇಕು."

"ತಗೋಮ್ಮ," ಅಂದ ದಫೇದಾರ.

ಅವರು ಬಾಗಿ ಬಾಗಿಲ ಪಕ್ಕದ ಚಪ್ಪಲಿ ಎತ್ತಿಕೊಂಡರು. ಎಡಗಾಲಿನದು ಒಂದೇ ಕಡೆ ಸವೆದಿತ್ತು, ಸೋತ ಕಾಲನ್ನು ಎಳೆದೆಳೆದು. ಚೀಲಕ್ಕೆ ಹಾಕಿದರು. ಏನನ್ನಿಸಿತೋ, ಹೊರಗೆ ತೆಗೆದರು. ಇದ್ದಲ್ಲೇ ಜೋಡಿಸಿಟ್ಟರು. ಮತ್ತೆ ಎತ್ತಿಕೊಂಡರು. ಅದನ್ನು ನೋಡುತ್ತ ನಿಲ್ಲಲು ದಫೇದಾರನಿಂದ ಆಗಲಿಲ್ಲ.

ಎದೆಜೇಬಿನಲ್ಲಿ ಹಾಳೆ ಇತ್ತು. ಕೈ ಹಾಕಿ ತೆಗೆದರೆ ಸಾಕು. ಇಗೋ ನೋಡು ತಂಗಿ, ನಾನು ಕೂತಲ್ಲೇ ಇದ್ದೆ, ಬೆಲ್ಲು ಹೊಡೀಲೇ ಇಲ್ಲ. ಇಷ್ಟು ಅಂದರೆ ನಾಳೆಯ ಸಮಿತಿ ಇಲ್ಲ, ಕಳಂಕ ಇಲ್ಲ. ಈ ಹೆಣ್ಣುಮಗಳು ಮತ್ತೆ ಮುಖ ಎತ್ತಿ ತನ್ನನ್ನು ನೋಡುತ್ತಾಳೆ.

ಬಾಯಿಗೆ ಬಂದದ್ದು ಬೇರೆ ಮಾತು. "ಆ ಐದು ಅಂಕದ ನಿಯಮ ಯಾಕೆ ಮಾಡಿದ್ದೆ ತಂಗಿ?"

ಮೇಡಂ ಕೈಯ ಚಪ್ಪಲಿ ಗಟ್ಟಿಯಾಗಿ ಹಿಡಿದರು. "ಯಾರು ಹೇಳಿದ್ರು?"

"ಹೀಗೇ. ಕಿವಿಗೆ ಬಿತ್ತು."

"ಸುಮ್ಮಸುಮ್ನೆ ಕೂಗೋ ಮನೆ ಮಾತನ್ನ ಯಾರೂ ಕೇಳಲ್ಲ," ಅಂದರು ಮೇಡಂ. ಎಷ್ಟೋ ಸಲ ಕ್ಲಾಸಿನಲ್ಲಿ ಹೇಳಿದ ಪಾಠ, ದನಿಯಲ್ಲಿ ಮಾತ್ರ ಜೀವ ಇರಲಿಲ್ಲ. "ನಾಲ್ಕು ಸಲ ಸುಳ್ಳೇ ಹೊಡೆದ್ರೆ ಐದನೇ ಸಲ ನೀವೂ ನಿಧಾನಕ್ಕೆ ಎದ್ದು ಬರ್ತಿದ್ರಿ. ನಿಜವಾಗಿ ಹೊಡೆದಾಗ ನೀವು ಓಡಿ ಬರಲಿ ಅಂತ ಮಾಡಿದ್ದು. ಅವರ ಜೀವಕ್ಕೋಸ್ಕರ ಮಾಡಿದ್ದು."

ದಫೇದಾರನ ಕೈ ಜೇಬಿನ ಹತ್ತಿರ ಹೋಗಿದ್ದು ಅಲ್ಲೇ ನಿಂತಿತು.

ಈ ಹಾಳೆ ತೋರಿಸಿದರೆ ತಾನು ಪಾರು. ಆದರೆ ಇವಳು? ಗಂಡನ ಜೀವ ಉಳಿಸಲು ತಾನು ಮಾಡಿದ ನಿಯಮವೇ ಗಂಡನ ಬಾಯಿ ಮುಚ್ಚಿಸಿತು ಅಂತ ತಿಳಿದ ಮೇಲೆ ಇವಳಿಗೆ ಉಳಿಯುವುದೇನು? ಆ ಮೂರು ಮಕ್ಕಳಿಗೆ ಉಳಿಯುವುದೇನು? ತಾನು ಒಂಟಿ ಮನುಷ್ಯ. ಇನ್ನೆಷ್ಟು ದಿನದ ಆಯುಷ್ಯ. ಗೂಬೆ ಹೇಗಿದ್ದರೂ ತಲೆ ಮೇಲೆ ಕೂತಾಗಿದೆ, ಅಲ್ಲೇ ಗೂಡು ಕಟ್ಟಿಕೊಳ್ಳಲಿ.

ಪೊಲೀಸಿನಲ್ಲಿದ್ದಷ್ಟು ದಿನ ನೂರಾರು ಜನರ ಸುಳ್ಳು ಹಿಡಿದವನು, ಹೇಳಲು ಹೊರಟಾಗ ತಡವರಿಸಿದ.

"ಒಂದು ಮಾತು ಹೇಳಬೇಕಿತ್ತು ತಂಗಿ. ನಾಳೆ ಸಮಿತಿ ಮುಂದೆ ಹೇಳೋ ಮೊದಲು ನಿಂಗೆ ಹೇಳಬೇಕು. ನಾನು... ಅವತ್ತು ನಾನು ಜಾಗದಲ್ಲಿರಲಿಲ್ಲ. ಕ್ಯಾಂಟೀನಿಗೆ ಹೋಗಿದ್ದೆ. ಬೆಲ್ಲು ಹೊಡೆದಿರಬೇಕು, ನಂಗೆ ಕೇಳಿಸಲಿಲ್ಲ. ತಪ್ಪು ನಂದು. ಕೈ ಮುಗೀತೀನಿ, ಕ್ಷಮಿಸಮ್ಮ."

ಮೇಡಂ ಎಂಟು ದಿನದಲ್ಲಿ ಮೊದಲ ಸಲ ಅವನ ಮುಖ ನೋಡಿದರು. ಕಣ್ಣಲ್ಲಿ ಸಿಟ್ಟು ಇರಲಿಲ್ಲ. ಅದನ್ನು ಕಂಡು ಅವನಿಗೆ ಹೆದರಿಕೆಯಾಯಿತು.

"ಸುಳ್ಳು," ಅಂದರು.

"ಸುಳ್ಳಲ್ಲಮ್ಮ—"

"ಕುರ್ಚಿಯಲ್ಲೇ ಇದ್ರಿ. ಚದುರಂಗದ ಕಾಯಿ ಜೋಡಿಸ್ತಾ ಕೂತಿದ್ರಿ. ಕಿಟಕಿ ಕಡೆ ಬೆನ್ನು ಇತ್ತು."

ಅವತ್ತು ಮಧ್ಯಾಹ್ನ ಕಾಯಿ ಜೋಡಿಸುತ್ತ ಕೂತದ್ದನ್ನು ದಫೇದಾರ ಯಾರಿಗೂ ಹೇಳಿರಲಿಲ್ಲ. ಡ್ಯೂಟಿಯಲ್ಲಿ ಆಟದ ಮಣೆ ಬಿಚ್ಚಿದ್ದ ಅಂತಾಗುತ್ತದಲ್ಲ ಎಂದು ಬಾಯಿ ಮುಚ್ಚಿಕೊಂಡಿದ್ದ.

"ನೀನು ಯಾವಾಗ ನೋಡಿದೆ?"

"ಮೂರು ಮುಕ್ಕಾಲಿಗೆ. ನಿಮ್ಮ ಕಿಟಕಿ ಹಿಂದಿನ ಕಾಲುದಾರಿಯಲ್ಲೇ ಇಲ್ಲಿಗೆ ಬಂದೆ."

"ನಾಲ್ಕು ಗಂಟೆ ಐದು ನಿಮಿಷಕ್ಕೆ ಬಾಗಿಲು ತೆಗೆದೆ ಅಂತ ಎಲ್ಲರಿಗೂ ಹೇಳಿದ್ದೆ." ಅವನ ದನಿ ಅವನಿಗೇ ದೂರದಲ್ಲಿ ಕೇಳಿಸಿತು. "ನಂಗೆ ಫೋನ್ ಮಾಡಿದ್ದೂ ಆಗಲೇ. ನಾನು ಓಡಿ ಬಂದೆ."

"ಹೌದು. ಫೋನ್ ಮಾಡಿದ್ದು ಆಗ."

ಗುಬ್ಬಿಯ ಹೆಸರಿನ ಕೆಳಗೆ ಎಳೆದ ಗೆರೆ ದಫೇದಾರನಿಗೆ ನೆನಪಾಗಿ ನಾಚಿಕೆಯಾಯಿತು. ಬೀಗ ಹಾಕಿದ್ದ ರೂಮಿನ ಮಾತು ಅವಳು ಹೇಳಿದ್ದಳು. ಬರೆದುಕೊಂಡವನು ಅವಳ ಹೆಸರು ಬರೆದುಕೊಂಡ.

"ಹುಡುಗರ ಹತ್ರ ದಾಖಲೆ ಇದೆ ಅಂತ ನಂಗೆ ಗೊತ್ತು," ಅಂದರು ಮೇಡಂ. ಚಪ್ಪಲಿ ಎದೆಗೊತ್ತಿಕೊಂಡು ಟೈಲರನ ಮೇಜಿಗೆ ಒರಗಿದರು. "ಅದು ನಿಮ್ಮ ಕೈಗೆ ಬಂದಿದೆ. ಇಲ್ಲದಿದ್ರೆ ಐದು ಅಂಕದ ಮಾತು ಎತ್ತುತ್ತಿರಲಿಲ್ಲ. ಮನೆ ಎಷ್ಟು ಸಲ ಕೇಳಿದೆ?"

"ಮೂರು ಸಲ."

"ಉತ್ತರ?"

"ಮೂರು."

ಮೇಡಂ ಇಲ್ಲ ಅಂತ ತಲೆಯಾಡಿಸಿದರು. "ಅವರು ಹೇಳಿದ್ದು ಎರಡೇ ಸಲ. ಮೂರನೇ ಸಲ ಚೆನ್ನಾಗಿದ್ದೀನಿ ಅಂದಿದ್ದು ನಾನು."

ಹೊರಗೆ ಹುಡುಗರು ಸೈಕಲ್ ಸ್ಟ್ಯಾಂಡಿನ ಹತ್ತಿರ ಕಾಯುತ್ತಿದ್ದರು. ಕನ್ನಡಕದ ದನಿ, ಏಣಿಯ ದನಿ, ಏನೋ ಮಾತು. ದಫೇದಾರನಿಗೆ ಒಂದು ಶಬ್ದವೂ ಅರ್ಥವಾಗಲಿಲ್ಲ. ಕೇಳಬಾರದು ಅಂತ ಮನಸ್ಸು ಕೂಗಿಕೊಂಡಿತು. ಮೂವತ್ತೊಂದು ವರ್ಷದ ಅಭ್ಯಾಸ, ಬಾಯಿ ಕೇಳಿಯೇಬಿಟ್ಟಿತು.

"ಆಗ ಭಾವನಿಗೆ ಉಸಿರಿತ್ತಾ?"

"ಇತ್ತು," ಅಂದರು ಮೇಡಂ. "ಆ ಆಸ್ಪತ್ರೆ ಮಂಚ ಮತ್ತೆ ಬೇಡ ಅಂತ ನನ್ನ ಕೈ ಹಿಡ್ಕೊಂಡಿದ್ರು."